ಸೆಟ್ (ಇಂಗ್ಲಿಷ್ ಪದ)

ಸೆಟ್: ಕ್ರಿಯಾಪದ, ನಾಮಪದ, ವಿಶೇಷಣ ಮೂರೂ ಆಗಿ ಬಳಕೆಯಲ್ಲಿರುವ ಇಂಗ್ಲಿಷ್ ಪದ. ಕ್ರಿಯಾಪದವಾಗಿ ವರ್ತಮಾನದಲ್ಲೂ ಭೂತದಲ್ಲೂ ಇದರ ರೂಪ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಎಂದು ಬಹುಕಾಲ ಹೆಸರಾಗಿತ್ತು. ರಸಪ್ರಶ್ನೆ ಪುಸ್ತಕಗಳಲ್ಲಿ ಆ ಹೆಸರು ಇನ್ನೂ ಉಳಿದಿದೆ, ನಿಘಂಟುಗಳಲ್ಲಿ ಉಳಿದಿಲ್ಲ.

ವ್ಯುತ್ಪತ್ತಿ

ಒಂದೇ ರೂಪದ ಒಳಗೆ ಎರಡು ಪದಗಳು ಬೆರೆತಿವೆ. ಕ್ರಿಯಾಪದದ ಮೂಲ ಹಳೆಯ ಇಂಗ್ಲಿಷಿನ 'ಸೆಟ್ಟನ್'. ಇದು 'ಕೂರು' ಎಂಬರ್ಥದ 'ಸಿಟ್ಟನ್' ಧಾತುವಿನ ಪ್ರೇರಣಾರ್ಥಕ ರೂಪ. ಕೂರು, ಕೂರಿಸು ಎಂಬ ಕನ್ನಡದ ಜೋಡಿಯನ್ನು ನೆನೆದರೆ ಸಂಬಂಧ ಸ್ಪಷ್ಟವಾಗುತ್ತದೆ. ಇಂಗ್ಲಿಷರು ಕೋಳಿಯನ್ನು ಮೊಟ್ಟೆಯ ಮೇಲೆ 'ಸೆಟ್' ಮಾಡುತ್ತಾರೆ, ನಾವು ಕಾವಿಗೆ ಕೂರಿಸುತ್ತೇವೆ. ಅಲ್ಲಿ ಉಂಗುರಕ್ಕೆ ಹರಳನ್ನು 'ಸೆಟ್' ಮಾಡಿದರೆ ಇಲ್ಲಿನ ಅಕ್ಕಸಾಲಿಗರು ಹರಳು ಕೂರಿಸುತ್ತಾರೆ. ಎರಡು ಭಾಷೆಗಳಿಗೂ ಕುಲಸಂಬಂಧವಿಲ್ಲ, ಒಂದೇ ಬಗೆಯ ಅರ್ಥವಿಸ್ತಾರ ಬೇರೆಬೇರೆಯಾಗಿ ಆಗಿದೆ ಅಷ್ಟೆ.

ಕುಲಸಂಬಂಧ ಇರುವುದು ಸಂಸ್ಕೃತದೊಂದಿಗೆ. ಹಳೆಯ ಇಂಗ್ಲಿಷಿನ 'ಸಿಟ್ಟನ್', ಲ್ಯಾಟಿನ್ನಿನ 'ಸೆದೇರೆ', ಸಂಸ್ಕೃತದ 'ಸದ್' ಮೂರೂ ಒಂದೇ ಇಂಡೋ-ಯುರೋಪಿಯನ್ ಧಾತುವಿನಿಂದ ಬಂದವು. ಸಂಸ್ಕೃತದ ಪ್ರೇರಣಾರ್ಥಕ 'ಸಾದಯತಿ'ಯೂ 'ಸೆಟ್ಟನ್' ಕೂಡ ರಚನೆಯಲ್ಲಿ ಸರಿಜೋಡಿಗಳು. ಹಾಗಾಗಿ ಸದನ, ಸಂಸತ್ತು, ಉಪನಿಷತ್ತು ಎಂಬ ನಮ್ಮ ಬಳಕೆಯ ಮಾತುಗಳು 'ಸೆಟ್'ಗೆ ದೂರದ ದಾಯಾದಿಗಳು.

'ಗುಂಪು, ಸಮುದಾಯ' ಎಂಬರ್ಥದ ನಾಮಪದದ ಕತೆ ಬೇರೆ. ಅದು ಹಳೆಯ ಫ್ರೆಂಚಿನ 'ಸೆತ್ತ್' ಮೂಲಕ ಲ್ಯಾಟಿನ್ನಿನ 'ಸೆಕ್ತಾ'ದಿಂದ, ಅಂದರೆ 'ಒಬ್ಬರನ್ನು ಅನುಸರಿಸುವವರ ಪಂಥ' ಎಂಬ ಮಾತಿನಿಂದ ಬಂದಿತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಮುಂದೆ 'ಒಟ್ಟಿಗೆ ಇಟ್ಟದ್ದು' ಎಂಬ ಕ್ರಿಯಾಪದದ ಛಾಯೆಯೂ ಇದಕ್ಕೆ ಅಂಟಿತು. ಇಂದಿನ ಕೆಲವು ಪ್ರಯೋಗಗಳಲ್ಲಿ ಯಾವ ಭಾಗ ಯಾವ ಮೂಲದ್ದು ಎಂದು ಬಿಡಿಸಿ ಹೇಳುವುದು ಕಷ್ಟ.

ಅರ್ಥಗಳು

ಇಡು ಎಂಬುದು ನಡುಗಂಬ. ಅದರಿಂದ ನಿಲ್ಲಿಸು, ನಿಗದಿಪಡಿಸು, ಹೊಂದಿಸು, ಗಟ್ಟಿಯಾಗು ಎಂಬ ಕವಲುಗಳು ಒಡೆದಿವೆ. ಬೆಲೆ, ದಿನಾಂಕ, ದಾಖಲೆ, ಬಲೆ, ಮುರಿದ ಮೂಳೆ, ಮುದ್ರಣಾಲಯದ ಅಚ್ಚುಮೊಳೆ, ಹಾಡಿಗೆ ರಾಗ ಎಲ್ಲಕ್ಕೂ ಇದೇ ಕ್ರಿಯಾಪದ. ಸಿಮೆಂಟು ಗಟ್ಟಿಯಾಗುವುದೂ ಮೊಸರು ಹೆಪ್ಪುಗಟ್ಟುವುದೂ 'ಸೆಟ್' ಆಗುವುದೇ. ಸೂರ್ಯ ಮುಳುಗುವುದಕ್ಕೂ ಇದೇ ಮಾತು. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ, ಸೂರ್ಯ ತನ್ನ ಪೀಠಕ್ಕೆ ಹೋಗುವುದು ಎಂಬ ಅರ್ಥದ ಸಮಾಸವೊಂದು ಇತ್ತು. ಬಡಗಿಗಳಲ್ಲಿ ಗರಗಸದ ಹಲ್ಲುಗಳನ್ನು ಒಂದು ಬಿಟ್ಟೊಂದು ಎಡಕ್ಕೂ ಬಲಕ್ಕೂ ತುಸು ಬಾಗಿಸುವುದಕ್ಕೆ ಈ ಹೆಸರಿದೆ. ಸೀಳು ಅಲಗಿಗಿಂತ ಅಗಲವಾಗಿ, ಗರಗಸ ಮರದಲ್ಲಿ ಸಿಕ್ಕಿಬೀಳದಿರಲಿ ಎಂದು ಹೀಗೆ ಮಾಡುತ್ತಾರೆ.

ಗಣಿತದಲ್ಲಿ ಈ ಪದ ನೆಲೆಗೊಂಡದ್ದು ತಡವಾಗಿ. ಗೇಯಾರ್ಗ್ ಕ್ಯಾಂಟರ್ (1845-1918) ಜರ್ಮನ್‌ನಲ್ಲಿ ಬಳಸಿದ್ದು 'ಮೆಂಗೆ' ಎಂಬ ಪದ. ಅವನ ಮುಖ್ಯ ಪ್ರಬಂಧಗಳ 1915ರ ಇಂಗ್ಲಿಷ್ ಅನುವಾದದಲ್ಲಿ ಫಿಲಿಪ್ ಜೂರ್ಡೆನ್ ಅದಕ್ಕೆ 'ಅಗ್ರಿಗೇಟ್' ಎಂದೇ ಬರೆದ. 'ಸೆಟ್' ಅದನ್ನು ಪೂರ್ತಿ ಬದಿಗೊತ್ತಿದ್ದು ಆಮೇಲೆ.

ಎಣಿಕೆಯ ಚರಿತ್ರೆ

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಆವೃತ್ತಿ ಕಂತುಗಳಾಗಿ 1884ರಿಂದ 1928ರವರೆಗೆ ಹೊರಬಂತು. ಪ್ರಧಾನ ಸಂಪಾದಕ ಜೇಮ್ಸ್ ಮರ್ರೆಯ ಹೆಸರು ಎಲ್ಲರಿಗೂ ಗೊತ್ತು. ಆದರೆ 'ಎಸ್' ಅಕ್ಷರದ ಮೊದಲ ಭಾಗ, ಅದರೊಳಗೆ 'ಸೆಟ್' ಕೂಡ, ಹೆನ್ರಿ ಬ್ರ್ಯಾಡ್ಲಿಯ (1845-1923) ಪಾಲಿಗೆ ಬಿದ್ದಿತ್ತು. ಸಾಮಾನ್ಯ ಓದುಗರು ಬ್ರ್ಯಾಡ್ಲಿಯನ್ನು ಹೆಚ್ಚಾಗಿ ಮರೆತಿದ್ದಾರೆ. ಗಣಕಯಂತ್ರವಿಲ್ಲದ ಕಾಲದಲ್ಲಿ, ಓದುಗರು ಕಳಿಸಿದ ಉದಾಹರಣೆಯ ಚೀಟಿಗಳನ್ನು ಗುಡ್ಡೆಹಾಕಿ, ಯಾವುದು ಹೊಸ ಅರ್ಥ, ಯಾವುದು ಹಳೆಯದರ ಛಾಯೆ ಎಂದು ಒಂದೊಂದಾಗಿ ತೀರ್ಮಾನಿಸಬೇಕಿತ್ತು. ಮುಂದಿನ ಎಣಿಕೆಗಳಿಗೆಲ್ಲ ತಳಹದಿ ಆ ತೀರ್ಮಾನಗಳೇ.

20 ಸಂಪುಟಗಳ ಎರಡನೆಯ ಆವೃತ್ತಿ (1989) ಬಂದಾಗ ಅದರ ಅತಿ ಉದ್ದದ ನಮೂದು 'ಸೆಟ್'ನದು: ಸುಮಾರು 60,000 ಪದಗಳು, ಬರಿಯ ಕ್ರಿಯಾಪದಕ್ಕೇ 430ರಷ್ಟು ಅರ್ಥಗಳು. ಗಿನ್ನೆಸ್ ದಾಖಲೆ ಪುಸ್ತಕ ಇದನ್ನು ಎತ್ತಿಕೊಂಡಿತು. ಮೂರನೆಯ ಆವೃತ್ತಿಯ ಪರಿಷ್ಕರಣೆ 'ಎಮ್' ಅಕ್ಷರದಿಂದ ಶುರುವಾದ ಕಾರಣ 2000ದಲ್ಲಿ 'ಮೇಕ್', 2007ರಲ್ಲಿ 'ಪುಟ್', 2011ರಲ್ಲಿ 'ರನ್' ಒಂದರ ಮೇಲೊಂದರಂತೆ ದಾಖಲೆ ಮುರಿದವು. 'ರನ್' ಕ್ರಿಯಾಪದಕ್ಕೆ 645 ಅರ್ಥಗಳನ್ನು ಗುರುತಿಸಿದ ಕೋಶಕಾರ ಪೀಟರ್ ಗಿಲಿವರ್ ಅದೊಂದೇ ಪದಕ್ಕೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಕೊಟ್ಟ. ರೈಲು, ಎಂಜಿನ್ನು, ಕಂಪ್ಯೂಟರ್ ಪ್ರೋಗ್ರಾಂ ಎಲ್ಲವೂ ಇಂಗ್ಲಿಷಿನಲ್ಲಿ 'ಓಡು'ವುದರಿಂದ ಯಂತ್ರಯುಗ 'ರನ್' ಅನ್ನು ಬೆಳೆಸಿತು ಎಂಬ ವಿವರಣೆಯುಂಟು. ಅದು ಭಾಗಶಃ ಸರಿ. ಆದರೆ 1989ರ ನಮೂದಿನ ಬಹುಪಾಲು ಬ್ರ್ಯಾಡ್ಲಿಯ ಕಾಲದ್ದು, 2011ರ ನಮೂದು ಹೊಸದಾಗಿ ಬರೆದದ್ದು. ಇವೆರಡನ್ನು ಪಂದ್ಯಕ್ಕೆ ಬಿಡುವುದು ನ್ಯಾಯವಲ್ಲ. ಅರ್ಥಗಳ ಸಂಖ್ಯೆಯನ್ನು ಪದದ ಗುಣವೆನ್ನುವುದಕ್ಕಿಂತ ಕೋಶಕಾರನ ವಿಂಗಡಣೆಯ ಫಲ ಎನ್ನುವುದೇ ಸರಿ.

ಪರ್ಯಾಯಗಳು

ಪುಟ್, ಪ್ಲೇಸ್, ಲೇ, ಫಿಕ್ಸ್ ಇವು ಸಾಮಾನ್ಯವಾಗಿ ಕೊಡುವ ಪರ್ಯಾಯಗಳು. ಯಾವುದೂ ಎಲ್ಲ ಕಡೆಗೂ ಹೊಂದುವುದಿಲ್ಲ. ಪೀಟರ್ ಮಾರ್ಕ್ ರೋಜೆ 1852ರ ತನ್ನ ಪರ್ಯಾಯಕೋಶದಲ್ಲಿ ಪದಗಳನ್ನು ಅಕಾರಾದಿಗೆ ಬದಲು ಭಾವಗಳ ಪ್ರಕಾರ ಜೋಡಿಸಿದ. ಅಂಥ ಕೋಶದಲ್ಲಿ ನಾನಾರ್ಥದ ಪದ ಹಲವು ಕಡೆ ಹಂಚಿಹೋಗುತ್ತದೆ. ಅಮರಕೋಶವನ್ನು ಕೋಲ್‌ಬ್ರೂಕನ ಇಂಗ್ಲಿಷ್ ಆವೃತ್ತಿಯ ಮೂಲಕ ತಿಳಿದಿದ್ದ ರೋಜೆ, ಅದರ ವರ್ಗೀಕರಣ ಅಸ್ತವ್ಯಸ್ತ ಎಂದು ಪೀಠಿಕೆಯಲ್ಲಿ ತಳ್ಳಿಹಾಕಿದ್ದಾನೆ. ಇದು ದುಡುಕಿನ ಮಾತು: ಪರ್ಯಾಯಗಳನ್ನೂ ನಾನಾರ್ಥಗಳನ್ನೂ ಬೇರೆಬೇರೆ ವರ್ಗಗಳಲ್ಲಿಡುವ ವಿವೇಕ ಅಮರಸಿಂಹನಿಗಿತ್ತು.

ಕನ್ನಡದಲ್ಲಿ

ಕರ್ನಾಟಕದ ಗಣಿತ ಪಠ್ಯಗಳು 'ಗಣ' ಎಂಬ ಪದವನ್ನು ನೆಲೆಗೊಳಿಸಿವೆ. ಉಳಿದೆಡೆ ಇಂಗ್ಲಿಷ್ ಮಾತೇ ಒಗ್ಗಿದೆ. ಮೋಟಾರೂ ಪಂಪೂ ಸೇರಿದ್ದು ರೈತರಿಗೆ ಪಂಪ್‌ಸೆಟ್ಟು, ವಿದ್ಯುತ್ ಕಂಪನಿಗಳ ಕಡತದಲ್ಲಿ 'ಐ.ಪಿ. ಸೆಟ್'. ಸಿನಿಮಾದವರು ಸೆಟ್ ಹಾಕುತ್ತಾರೆ. ಕ್ರೀಸಿನಲ್ಲಿ ಬೇರೂರಿದ ಬ್ಯಾಟರ್ ಸೆಟ್ ಆಗಿರುತ್ತಾನೆ, ಹೊಂದಾಣಿಕೆಯಾಗದ ಕೆಲಸ ಸೆಟ್ ಆಗುವುದಿಲ್ಲ. ಸೆಟ್ ದೋಸೆಗೆ ಆ ಹೆಸರು, ಮೆತ್ತನೆಯ ಸಣ್ಣ ದೋಸೆಗಳು ಒಂದು ತಟ್ಟೆಗೆ ಸಾಮಾನ್ಯವಾಗಿ ಮೂರರಂತೆ ಬರುವುದರಿಂದ. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ 'ಕೆ-ಸೆಟ್' ಮಾತ್ರ ಅಕ್ಷರಗಳ ಸಂಕ್ಷೇಪ. ಈ ಪದಕ್ಕೂ ಅದಕ್ಕೂ ಸಂಬಂಧವಿಲ್ಲ.