ವಿಶ್ವವಿದ್ಯಾಲಯಗಳು ಮತ್ತು ಆರೋಗ್ಯಕರ ವೃದ್ಧಾಪ್ಯ (ಬೆಂಗಳೂರು)

ಬೆಂಗಳೂರಿನ ವಿಶ್ವವಿದ್ಯಾಲಯಗಳು, ವೈದ್ಯಕೀಯ ಕಾಲೇಜುಗಳು ಮತ್ತು ಉನ್ನತ ಸಂಶೋಧನಾ ಸಂಸ್ಥೆಗಳು ಬೋಧನೆ, ಸಂಶೋಧನೆ, ಚಿಕಿತ್ಸೆ ಮತ್ತು ವಿಸ್ತರಣಾ ಕಾರ್ಯಗಳ ಮೂಲಕ ಸಮುದಾಯದ ಆರೋಗ್ಯದಲ್ಲಿ, ವಿಶೇಷವಾಗಿ ಹಿರಿಯ ನಾಗರಿಕರ ಆರೋಗ್ಯದಲ್ಲಿ, ಪಾಲ್ಗೊಳ್ಳುತ್ತಿವೆ. ಚಾಮರಾಜಪೇಟೆ, ಬಸವನಗುಡಿ ಮತ್ತು ಮಲ್ಲೇಶ್ವರದಂತಹ ಹಳೆಯ ಬಡಾವಣೆಗಳ ಸುತ್ತ ಇಂತಹ ಅನೇಕ ಸಂಸ್ಥೆಗಳು ನೆಲೆಗೊಂಡಿವೆ. ಇವುಗಳಲ್ಲಿ ಕೆಲವು ಮುಪ್ಪನ್ನು ಕುರಿತ ದೀರ್ಘಾವಧಿಯ ಅಧ್ಯಯನಗಳಿಗೆ ಹೆಸರಾಗಿದ್ದರೆ, ಕೆಲವು ಆರೋಗ್ಯ ಕಾರ್ಯಕರ್ತರ ತರಬೇತಿಯಲ್ಲಿ ದೇಶಕ್ಕೇ ಮಾದರಿಯಾದ ಪ್ರಯೋಗಗಳನ್ನು ನಡೆಸಿವೆ.

ವ್ಯಾಖ್ಯೆ ಮತ್ತು ಹಿನ್ನೆಲೆ

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಆರೋಗ್ಯಕರ ವೃದ್ಧಾಪ್ಯವೆಂದರೆ ಇಳಿವಯಸ್ಸಿನಲ್ಲಿ ನೆಮ್ಮದಿಯಿಂದ ಬಾಳಲು ಬೇಕಾದ ಕಾರ್ಯಸಾಮರ್ಥ್ಯವನ್ನು ಬೆಳೆಸಿಕೊಳ್ಳುವ ಮತ್ತು ಉಳಿಸಿಕೊಳ್ಳುವ ಪ್ರಕ್ರಿಯೆ. ರೋಗವಿಲ್ಲದಿರುವುದೇ ಇದರ ಅರ್ಥವಲ್ಲ. ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವ ವ್ಯಕ್ತಿಯೂ ತನ್ನ ಕೆಲಸಗಳನ್ನು ತಾನೇ ಮಾಡಿಕೊಂಡು, ಬೇಕೆಂದಲ್ಲಿಗೆ ಹೋಗಿಬಂದು, ನಾಲ್ಕು ಜನರೊಡನೆ ಬೆರೆಯಲು ಶಕ್ತನಾಗಿದ್ದರೆ ಆ ವೃದ್ಧಾಪ್ಯ ಆರೋಗ್ಯಕರವೆನಿಸುತ್ತದೆ. ವಿಶ್ವಸಂಸ್ಥೆಯು 2021ರಿಂದ 2030ರವರೆಗಿನ ಅವಧಿಯನ್ನು ಆರೋಗ್ಯಕರ ವೃದ್ಧಾಪ್ಯದ ದಶಕವೆಂದು ಘೋಷಿಸಿದೆ.

2011ರ ಜನಗಣತಿಯಂತೆ ಭಾರತದಲ್ಲಿ 60 ವರ್ಷ ಮೀರಿದವರ ಸಂಖ್ಯೆ ಸುಮಾರು 10.4 ಕೋಟಿ. ಇದು ಒಟ್ಟು ಜನಸಂಖ್ಯೆಯ ಶೇ. 8.6ರಷ್ಟು. ರಾಷ್ಟ್ರಮಟ್ಟದ ವೃದ್ಧಾಪ್ಯ ಅಧ್ಯಯನವೊಂದರ ಭಾಗವಾಗಿ 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ 60 ದಾಟಿದವರಲ್ಲಿ ಶೇ. 7.4ರಷ್ಟು ಜನ, ಅಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ. ಕನ್ನಡದಲ್ಲಿ ಇದನ್ನು ಮರೆಗುಳಿತನ, ಮರೆವಿನ ಕಾಯಿಲೆ ಎಂದು ಕರೆಯುವುದುಂಟು. ಆದರೆ ಮರೆವು ಅದರ ಒಂದು ಲಕ್ಷಣ ಮಾತ್ರ. ವಿವೇಚನೆ, ಮಾತು, ದಾರಿಯ ಗುರುತು, ನಡವಳಿಕೆ ಇವೆಲ್ಲವೂ ಕ್ರಮೇಣ ಕುಂದುತ್ತವೆ. ವಯಸ್ಸಾದ ಮೇಲೆ ಮರೆವು ಸಹಜವೆಂಬ ನಂಬಿಕೆಯಿಂದಾಗಿ ಅನೇಕ ಕುಟುಂಬಗಳು ವೈದ್ಯರನ್ನು ಕಾಣುವುದು ತಡವಾಗುತ್ತದೆ.

ಈ ಕಾಯಿಲೆಗೆ ಪೂರ್ಣ ಗುಣಪಡಿಸುವ ಔಷಧವಿಲ್ಲ. ಆದರೆ ಲ್ಯಾನ್ಸೆಟ್ ಪತ್ರಿಕೆಯ ಆಯೋಗವು 2024ರ ವರದಿಯಲ್ಲಿ ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಗುರುತಿಸಿದೆ. ಅವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯ ಎಂದು ಅಂದಾಜಿಸಿದೆ. ಶಿಕ್ಷಣದ ಕೊರತೆ, ಕಿವಿ ಮಂದವಾಗುವುದು, ಚಿಕಿತ್ಸೆ ಕಾಣದ ದೃಷ್ಟಿದೋಷ, ರಕ್ತದೊತ್ತಡ, ಮಧುಮೇಹ, ದೈಹಿಕ ಚಟುವಟಿಕೆಯಿಲ್ಲದಿರುವುದು, ವಾಯುಮಾಲಿನ್ಯ ಮತ್ತು ಒಂಟಿತನ ಈ ಪಟ್ಟಿಯಲ್ಲಿವೆ. ಇವುಗಳಲ್ಲಿ ಹೆಚ್ಚಿನವು ನರರೋಗ ತಜ್ಞರ ಕೋಣೆಗಿಂತ ಬಹಳ ದೂರದಲ್ಲಿ, ಶಾಲೆ, ರಸ್ತೆ, ಉದ್ಯಾನ ಮತ್ತು ಮನೆಗಳಲ್ಲಿ ನಿರ್ಧಾರವಾಗುವಂಥವು. ವೈದ್ಯಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ ಮತ್ತು ನಗರಯೋಜನೆಗಳನ್ನು ಒಂದೇ ಸೂರಿನಡಿ ಬೋಧಿಸುವ ವಿಶ್ವವಿದ್ಯಾಲಯಕ್ಕೆ ಈ ವಿಷಯದಲ್ಲಿ ವಿಶೇಷ ಹೊಣೆ ಬರುವುದು ಈ ಕಾರಣದಿಂದ.

ಹಳೆಯ ಬಡಾವಣೆಗಳು

ಬೆಂಗಳೂರಿನ ಹಳೆಯ ಬಡಾವಣೆಗಳ ಇತಿಹಾಸದಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ದೊಡ್ಡ ಸ್ಥಾನವಿದೆ. ಚಾಮರಾಜಪೇಟೆಯು 1892ರಲ್ಲಿ ರೂಪುಗೊಂಡಿತು. 1898ರಲ್ಲಿ ನಗರಕ್ಕೆ ಬಂದ ಪ್ಲೇಗು ಪೇಟೆಯ ಇಕ್ಕಟ್ಟಿನ ಕೇರಿಗಳನ್ನು ತತ್ತರಿಸುವಂತೆ ಮಾಡಿದ ನಂತರ ಬಸವನಗುಡಿ ಮತ್ತು ಮಲ್ಲೇಶ್ವರಗಳು ಬೆಳೆದವು. ನೇರವಾದ ಅಗಲ ರಸ್ತೆಗಳು, ಗಾಳಿಬೆಳಕಿಗೆ ಬಿಟ್ಟ ಜಾಗ, ಮನೆಗಳ ಹಿಂಬದಿಯ ಓಣಿಗಳು ಇವೆಲ್ಲ ನೈರ್ಮಲ್ಯದ ದೃಷ್ಟಿಯಿಂದ ಮಾಡಿದ ಏರ್ಪಾಡುಗಳು.

ಕೋಟೆಯ ಸಮೀಪದಲ್ಲಿ ವಿಕ್ಟೋರಿಯಾ ಆಸ್ಪತ್ರೆ (1900), ಮಿಂಟೋ ಕಣ್ಣಿನ ಆಸ್ಪತ್ರೆಯ ಈಗಿನ ಕಟ್ಟಡ (1913) ಮತ್ತು ವಾಣಿವಿಲಾಸ ಆಸ್ಪತ್ರೆ (1935) ತಲೆಯೆತ್ತಿದವು. 1955ರಲ್ಲಿ ಸ್ಥಾಪನೆಯಾದ ಬೆಂಗಳೂರು ವೈದ್ಯಕೀಯ ಕಾಲೇಜು ಈ ಆಸ್ಪತ್ರೆಗಳನ್ನೇ ತನ್ನ ಬೋಧನಾ ಆಸ್ಪತ್ರೆಗಳನ್ನಾಗಿ ಪಡೆಯಿತು. ಬಸವನಗುಡಿಗೆ ಹೊಂದಿಕೊಂಡ ವಿಶ್ವೇಶ್ವರಪುರದಲ್ಲಿ 1980ರಲ್ಲಿ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಯಿತು. ರಾಜ್ಯದ ವೈದ್ಯಕೀಯ ಕಾಲೇಜುಗಳನ್ನು ಒಂದು ಆಡಳಿತದ ಅಡಿಗೆ ತಂದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಜಯನಗರದಲ್ಲಿ ಅಸ್ತಿತ್ವಕ್ಕೆ ಬಂದಿತು. ಮಲ್ಲೇಶ್ವರದ ಉತ್ತರಕ್ಕೆ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಸುತ್ತಲಿನ ಹಳಬರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ.

ಮುಪ್ಪನ್ನು ಕುರಿತ ಸಂಶೋಧನೆ

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು (ಸೆಂಟರ್ ಫಾರ್ ಬ್ರೇನ್ ರಿಸರ್ಚ್) ಮುಪ್ಪಿನಲ್ಲಿ ಮಿದುಳಿಗೆ ಆಗುವ ಬದಲಾವಣೆಗಳನ್ನು ಅಭ್ಯಸಿಸುವ ಸ್ವಾಯತ್ತ ಸಂಸ್ಥೆ. ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ದತ್ತಿನೆರವಿನಿಂದ ರೂಪುಗೊಂಡ ಇದರ ಸ್ಥಾಪಕ ನಿರ್ದೇಶಕಿ ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್. ಇದರ ಹೊಸ ಕಟ್ಟಡ 2022ರ ಜೂನ್‌ನಲ್ಲಿ ಉದ್ಘಾಟನೆಯಾಯಿತು.

ಕೇಂದ್ರವು ಎರಡು ದೀರ್ಘಾವಧಿ ಅಧ್ಯಯನಗಳನ್ನು ನಡೆಸುತ್ತಿದೆ. ಒಂದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಡೆಯುವ ‘ಸ್ಯಾನ್ಸ್‌ಕಾಗ್’. 45 ವರ್ಷ ದಾಟಿದ 10,000 ಮಂದಿಯನ್ನು ಒಳಗೊಳ್ಳುವುದು ಅದರ ಗುರಿ. ಇನ್ನೊಂದು ಬೆಂಗಳೂರು ನಗರದ 1,000 ಮಂದಿಯನ್ನು ಉದ್ದೇಶಿಸಿದ ಟಾಟಾ ವೃದ್ಧಾಪ್ಯ ಅಧ್ಯಯನ. ಭಾಗವಹಿಸುವವರನ್ನು ನಿಯತವಾಗಿ ಮತ್ತೆ ಮತ್ತೆ ಕರೆದು ದೇಹ ತಪಾಸಣೆ, ರಕ್ತಪರೀಕ್ಷೆ, ನೆನಪು ಮತ್ತು ಗಮನದ ಪರೀಕ್ಷೆ, ಮಿದುಳಿನ ಎಂಆರ್‌ಐ ಹಾಗೂ ಆನುವಂಶಿಕ ವಿಶ್ಲೇಷಣೆಗಳನ್ನು ಮಾಡಲಾಗುತ್ತದೆ. ಕಾಯಿಲೆ ಬಿದ್ದ ಮೇಲೆ ಆಸ್ಪತ್ರೆಗೆ ಬಂದವರನ್ನು ಮಾತ್ರ ನೋಡಿದರೆ ಕಾಯಿಲೆ ಯಾವಾಗ, ಯಾರಲ್ಲಿ, ಏಕೆ ತೊಡಗಿತೆಂದು ತಿಳಿಯಲಾಗದು. ಆರೋಗ್ಯವಂತರಾಗಿರುವಾಗಲೇ ಜೊತೆಗೂಡಿ ವರ್ಷಗಟ್ಟಲೆ ಹಿಂಬಾಲಿಸಬೇಕು. ಮೂರು ವರ್ಷದ ಅನುದಾನದ ಲೆಕ್ಕದಲ್ಲಿ ನಡೆಯುವ ಯೋಜನೆಗಳಿಗೆ ಸಾಧ್ಯವಾಗದ, ಶಾಶ್ವತ ಸಂಸ್ಥೆಯೊಂದಕ್ಕೆ ಮಾತ್ರ ಸಾಧ್ಯವಾಗುವ ಕೆಲಸವಿದು.

ಹಳ್ಳಿ ಮತ್ತು ನಗರಗಳೆರಡನ್ನೂ ಆರಿಸಿಕೊಂಡಿರುವುದಕ್ಕೆ ಮಹತ್ವವಿದೆ. ಅಲ್ಜೈಮರ್ ಕಾಯಿಲೆಯನ್ನು ಕುರಿತು ಲಭ್ಯವಿರುವ ಮಾಹಿತಿಯ ಬಹುಭಾಗ ಯುರೋಪ್ ಮತ್ತು ಅಮೆರಿಕದ, ಶಾಲೆ ಕಲಿತ ಜನರಿಂದ ಬಂದದ್ದು. ಶಾಲೆಯ ಮುಖ ಕಾಣದ ರೈತಮಹಿಳೆಗೂ ನಿವೃತ್ತ ಬ್ಯಾಂಕ್ ಅಧಿಕಾರಿಗೂ ಮುಪ್ಪು ಒಂದೇ ರೀತಿ ಬರುವುದಿಲ್ಲ.

ಪರೀಕ್ಷೆಯ ಭಾಷೆ

ಈ ಸಂಶೋಧನೆಯ ಅತ್ಯಂತ ಕಠಿಣ ಪ್ರಶ್ನೆಗಳಲ್ಲಿ ಒಂದು, ನೆನಪನ್ನು ಅಳೆಯುವ ಬಗೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ, 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಂಕ್ಷಿಪ್ತ ಮಾನಸಿಕ ಪರೀಕ್ಷೆಯಲ್ಲಿ 100ರಿಂದ 7ನ್ನು ಕಳೆಯುತ್ತಾ ಹೋಗುವುದು, ಬರೆದದ್ದನ್ನು ಓದಿ ಅದರಂತೆ ಮಾಡುವುದು, ಒಂದು ವಾಕ್ಯ ಬರೆಯುವುದು ಇತ್ಯಾದಿ ಸೇರಿವೆ. ಅಕ್ಷರ ಬಾರದವರು ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಅವರ ಮಿದುಳು ಸರಿಯಾಗಿದ್ದರೂ ಪರೀಕ್ಷೆಯ ದೃಷ್ಟಿಯಲ್ಲಿ ಅವರು ರೋಗಿಗಳಾಗುತ್ತಾರೆ. ಇದಕ್ಕೆ ವಿರುದ್ಧವಾಗಿ, ಹೆಚ್ಚು ಓದಿದವರು ರೋಗದ ಮೊದಲ ಹಂತವನ್ನು ಇಂತಹ ಪರೀಕ್ಷೆಗಳಲ್ಲಿ ಮರೆಮಾಚಬಲ್ಲರು. ನಿವೃತ್ತ ಅಧ್ಯಾಪಕರು, ಅಧಿಕಾರಿಗಳು ಬಹಳಷ್ಟಿರುವ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಈ ಎರಡನೆಯ ಅಪಾಯವೂ ಚಿಕ್ಕದಲ್ಲ.

ಭಾರತದಲ್ಲಿ ನಿರಕ್ಷರರಿಗೂ ಹೊಂದುವಂತೆ ಹರಿಯಾಣದ ಬಲ್ಲಭಗಢದಲ್ಲಿ ರೂಪಿಸಿದ ಹಿಂದಿ ಪರೀಕ್ಷೆ ಈ ದಿಕ್ಕಿನ ಮೊದಲ ಹೆಜ್ಜೆಗಳಲ್ಲೊಂದು. ಅನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹಿಂದಿ, ಬಂಗಾಳಿ, ತೆಲುಗು, ಕನ್ನಡ ಮತ್ತು ಮಲಯಾಳಂ ಭಾಷೆಗಳಿಗೆ ಹೊಂದುವ ಪರೀಕ್ಷಾಗುಚ್ಛವನ್ನು ಸಿದ್ಧಪಡಿಸಿತು. ಇದರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಪಾಲ್ಗೊಂಡಿತ್ತು. ಇಂತಹ ಕೆಲಸ ಬರಿಯ ಭಾಷಾಂತರವಲ್ಲ. ನೆನಪಿಟ್ಟುಕೊಳ್ಳಲು ಹೇಳುವ ಪದಗಳು ಕನ್ನಡಿಗರ ದಿನಬಳಕೆಯಲ್ಲಿ ಎಷ್ಟು ಪರಿಚಿತವೆಂಬುದನ್ನೂ, ತೋರಿಸುವ ಚಿತ್ರದ ವಸ್ತು ಹಳ್ಳಿಯವರು ಕಂಡದ್ದೇ ಎಂಬುದನ್ನೂ ನೋಡಬೇಕಾಗುತ್ತದೆ. ಇಲ್ಲಿ ಭಾಷಾ ವಿಭಾಗಗಳು ವೈದ್ಯರಷ್ಟೇ ಉಪಯುಕ್ತವಾಗಬಲ್ಲವು.

ಭಾಷೆಗೂ ಮಿದುಳಿಗೂ ಇನ್ನೊಂದು ನಂಟಿದೆ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ನಿರಕ್ಷರರಲ್ಲೂ ಈ ವ್ಯತ್ಯಾಸವಿತ್ತು. ಅವರು ನಂತರ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕಿಯಾದರು. ಕನ್ನಡದ ಜೊತೆಗೆ ತೆಲುಗು, ತಮಿಳು, ಉರ್ದು, ಮರಾಠಿಗಳು ಬೀದಿಬೀದಿಯಲ್ಲಿ ಕೇಳಿಸುವ ಹಳೆಯ ಬೆಂಗಳೂರಿಗೆ ಈ ಫಲಿತಾಂಶ ಕುತೂಹಲಕರವಾದುದು.

ಆರೋಗ್ಯ ಕಾರ್ಯಕರ್ತರ ತರಬೇತಿ

ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ (ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) 1974ರಲ್ಲಿ ರೂಪುಗೊಂಡು 1994ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. 1970ರ ದಶಕದಲ್ಲಿ ಅದರ ಸಮುದಾಯ ಮನೋವೈದ್ಯಕೀಯ ಘಟಕವು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಒಂದು ಪ್ರಯೋಗವನ್ನು ಕೈಗೊಂಡಿತು. ತಜ್ಞರ ಸಂಖ್ಯೆ ಅತ್ಯಲ್ಪವಾಗಿದ್ದ ಕಾರಣ, ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಮತ್ತು ಸರಳ ಚಿಕಿತ್ಸೆ ಮುಂದುವರಿಸುವ ಕ್ರಮವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕ್ಷೇತ್ರ ಕಾರ್ಯಕರ್ತರಿಗೂ ಕಲಿಸಲಾಯಿತು. 1980ರ ದಶಕದಲ್ಲಿ ಇದೇ ಕ್ರಮವನ್ನು ಇಡೀ ಬಳ್ಳಾರಿ ಜಿಲ್ಲೆಗೆ ಅನ್ವಯಿಸಲಾಯಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಇದರ ಆಧಾರದ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಒಂದು ಬೋಧನಾ ಸಂಸ್ಥೆ ತನ್ನ ವಿದ್ಯೆಯನ್ನು ತನ್ನಲ್ಲೇ ಇರಿಸಿಕೊಳ್ಳದೆ ಇತರರಿಗೆ ಬಿಟ್ಟುಕೊಟ್ಟುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಜೊತೆಗೂಡಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವು ಇದೇ ಹಾದಿಯದು. ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು ಮತ್ತು ಡಿಮೆನ್ಷಿಯಾಗಳನ್ನು ಬೇಗ ಗುರುತಿಸಲು ಪ್ರಾಥಮಿಕ ಹಂತದ ವೈದ್ಯರಿಗೆ ಇದರಡಿ ತರಬೇತಿ ನೀಡಲಾಗುತ್ತದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೂ (14416) ನಿಮ್ಹಾನ್ಸ್ ಕೇಂದ್ರಸಂಸ್ಥೆಯಾಗಿದೆ. ಮನೆಯಿಂದ ಹೊರಡಲಾಗದ ಹಿರಿಯರೂ ಅವರನ್ನು ನೋಡಿಕೊಳ್ಳುವವರೂ ಈ ಸಂಖ್ಯೆಗೆ ಕರೆಮಾಡಬಹುದು.

ಯೋಗ

ಗವಿಪುರದಲ್ಲಿ ನಗರ ಕಚೇರಿಯುಳ್ಳ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು ಬೆಂಗಳೂರಿನ ವೃದ್ಧಾಶ್ರಮದ 69 ಮಂದಿಯ ನಿದ್ರೆಯನ್ನು ಕುರಿತು ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಅವರಲ್ಲಿ ಯೋಗದ ಗುಂಪಿನವರು ಆರು ತಿಂಗಳ ಅಭ್ಯಾಸದ ನಂತರ ಬೇಗ ನಿದ್ರೆಗೆ ಜಾರಿದುದಲ್ಲದೆ ಹೆಚ್ಚು ಹೊತ್ತು ಮಲಗಿದರೆಂದು ಅದರಲ್ಲಿ ವರದಿಯಾಗಿದೆ. ನಿಮ್ಹಾನ್ಸ್ ಸಂಶೋಧಕರು ವೃದ್ಧಾಶ್ರಮಗಳ 120 ನಿವಾಸಿಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೂ ನಿದ್ರೆ ಮತ್ತು ಜೀವನಮಟ್ಟದಲ್ಲಿ ಸುಧಾರಣೆ ಕಂಡಿತು. ಎರಡೂ ಚಿಕ್ಕ ಪ್ರಮಾಣದವು. ಸ್ವಂತ ಮನೆಗಳಲ್ಲಿರುವ ಹಿರಿಯರಿಗೂ ಇದೇ ಫಲ ಸಿಗುವುದೆಂದು ಇವುಗಳಿಂದ ಹೇಳಲಾಗದು.

ಉಪನ್ಯಾಸ ಮತ್ತು ಸಹವಾಸ

ಒಂಟಿತನವು ಆರೋಗ್ಯದ ಪ್ರಶ್ನೆಯೆಂದು ಒಪ್ಪಿದ ಮೇಲೆ ಸಾರ್ವಜನಿಕ ಉಪನ್ಯಾಸ ಮತ್ತು ಗ್ರಂಥಾಲಯಗಳು ಆರೋಗ್ಯಸೇವೆಯ ವ್ಯಾಪ್ತಿಗೆ ಬರುತ್ತವೆ. ಫ್ರಾನ್ಸಿನ ತುಲೂಸ್‌ನಲ್ಲಿ 1973ರಲ್ಲಿ ನಿವೃತ್ತರಿಗಾಗಿ ತೆರೆದ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ ಈ ವಿಚಾರದ ಮೊದಲ ರೂಪ. 2012ರಲ್ಲಿ ಐರ್ಲೆಂಡಿನ ಡಬ್ಲಿನ್ ಸಿಟಿ ವಿಶ್ವವಿದ್ಯಾಲಯವು ವಯೋಸ್ನೇಹಿ ವಿಶ್ವವಿದ್ಯಾಲಯಕ್ಕೆ ಹತ್ತು ತತ್ವಗಳನ್ನು ರೂಪಿಸಿತು.

ಕರ್ನಾಟಕದಲ್ಲಿ ಇದಕ್ಕೆ ಹಳೆಯ ಬೇರುಗಳಿವೆ. ಮೈಸೂರು ವಿಶ್ವವಿದ್ಯಾಲಯವು 1930ರ ದಶಕದಲ್ಲೇ ಪ್ರಚಾರೋಪನ್ಯಾಸಗಳ ಮೂಲಕ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ, ಆ ಭಾಷಣಗಳನ್ನು ಅಗ್ಗದ ಕನ್ನಡ ಪುಸ್ತಿಕೆಗಳಾಗಿ ಮುದ್ರಿಸಿತು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ವಾರಕ್ಕೊಂದರಂತೆ ಉಚಿತ ಉಪನ್ಯಾಸಗಳನ್ನು ಏರ್ಪಡಿಸಿತು. ಬಿ.ಪಿ. ವಾಡಿಯಾ ರಸ್ತೆಯ ಭಾರತೀಯ ವಿಶ್ವಸಂಸ್ಕೃತಿ ಸಂಸ್ಥೆ ಮತ್ತು ಡಿ.ವಿ. ಗುಂಡಪ್ಪನವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಎರಡೂ 1945ರಲ್ಲಿ ಆರಂಭವಾದವು. ಇವು ವಿಶ್ವವಿದ್ಯಾಲಯಗಳಲ್ಲ. ಆದರೂ ವಿಶ್ವವಿದ್ಯಾಲಯಗಳು ಹಿರಿಯರಿಗಾಗಿ ಮಾಡಬಹುದಾದ ಕೆಲಸವನ್ನು ಸದ್ದಿಲ್ಲದೆ ಮಾಡಿಕೊಂಡು ಬಂದಿವೆ.

ಮಿತಿಗಳು

ಭಾರತದಲ್ಲಿ ಕಾಲೇಜುಗಳ ವಿಸ್ತರಣಾ ಕಾರ್ಯ ಮೊದಲಿನಿಂದಲೂ ಹಳ್ಳಿಯತ್ತ ಮುಖಮಾಡಿದೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕು. ಅವರ ಏಳು ದಿನಗಳ ವಿಶೇಷ ಶಿಬಿರ ಸಾಮಾನ್ಯವಾಗಿ ಹಳ್ಳಿಯಲ್ಲೇ ನಡೆಯುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಜಾರಿಗೆ ತಂದ ಕುಟುಂಬ ದತ್ತು ಕಾರ್ಯಕ್ರಮದಲ್ಲೂ ಎಂಬಿಬಿಎಸ್ ವಿದ್ಯಾರ್ಥಿಗಳು ಕೆಲವು ಕುಟುಂಬಗಳನ್ನು ವರ್ಷಗಟ್ಟಲೆ ಭೇಟಿಮಾಡುವುದು ಮುಖ್ಯವಾಗಿ ಗ್ರಾಮಗಳಲ್ಲಿ. ವೈದ್ಯರ ಕೊರತೆ ಅಲ್ಲೇ ಹೆಚ್ಚಾದ್ದರಿಂದ ಇದು ನ್ಯಾಯವೇ. ಆದರೆ ಇದರ ಪರಿಣಾಮವಾಗಿ, ಮಕ್ಕಳು ಹೊರದೇಶದಲ್ಲಿದ್ದು ಬಸವನಗುಡಿಯ ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ವೃದ್ಧೆಯೂ, ಚಾಮರಾಜಪೇಟೆಯ ವಠಾರದಲ್ಲಿ ಪಿಂಚಣಿಯಿಲ್ಲದೆ ದಿನ ದೂಡುವ ಮುದುಕನೂ ಯಾವ ಯೋಜನೆಯ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ. ಕಾಲೇಜು ಅವರಿಗೆ ಎದುರಾಗುವುದು ಹೊರರೋಗಿ ವಿಭಾಗದ ಸಾಲಿನಲ್ಲಿ, ಅದೂ ಕಾಯಿಲೆ ಮುಂದುವರಿದ ಮೇಲೆ.

ಆಸ್ಪತ್ರೆಯೊಳಗೂ ಹಿರಿಯರ ದೇಹ ವಿಭಾಗಗಳ ನಡುವೆ ಹಂಚಿಹೋಗುತ್ತದೆ. ಕಣ್ಣಿನ ಪೊರೆಗೆ ಒಂದೆಡೆ, ಮಂಡಿನೋವಿಗೆ ಇನ್ನೊಂದೆಡೆ, ಸಕ್ಕರೆಗೆ ಮತ್ತೊಂದೆಡೆ ಅಲೆಯಬೇಕು. ಬೇರೆಬೇರೆ ವೈದ್ಯರು ಬರೆದ ಮಾತ್ರೆಗಳು ಒಂದಕ್ಕೊಂದು ತೊಡಕಾಗಿ ತಲೆಸುತ್ತು ಬಂದು ಬೀಳುವ ಸಂಭವವಿರುತ್ತದೆ. ಇವೆಲ್ಲವನ್ನೂ ಒಟ್ಟಾಗಿ ನೋಡುವ ಶಾಖೆಗೆ ವೃದ್ಧಾಪ್ಯ ವೈದ್ಯಶಾಸ್ತ್ರವೆಂದು ಹೆಸರು. 2010ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲಾಸ್ಪತ್ರೆಗಳಲ್ಲಿ ಇದಕ್ಕಾಗಿ ಪ್ರತ್ಯೇಕ ಹಾಸಿಗೆಗಳನ್ನೂ ಹೊರರೋಗಿ ವಿಭಾಗವನ್ನೂ ಕಲ್ಪಿಸುತ್ತದೆ. ಆ ವಿಭಾಗಗಳನ್ನು ನಡೆಸಬಲ್ಲ ವೈದ್ಯರನ್ನೂ ದಾದಿಯರನ್ನೂ ಅಂಗಮರ್ದನ ಚಿಕಿತ್ಸಕರನ್ನೂ ಸಿದ್ಧಪಡಿಸುವ ಕೆಲಸ ಮಾತ್ರ ವಿಶ್ವವಿದ್ಯಾಲಯಗಳದೇ.