ಬಾವಿ ಹೋಗಿ ಬೋರಿಂಗು ಬಂತು...

ನನ್ನ ಇಂಜಿನಿಯರಿಂಗ್ ಕಾಲೇಜಿನ ಗ್ರೂಪ್ ಫೋಟೋ ನೋಡಿದವರೆಲ್ಲ "ಯಾಕೋ ಅಷ್ಟು ಸೀರಿಯಸ್ಸು?" ಅಂತ ಕೇಳ್ತಾರೆ. ಸೀರಿಯಸ್ಸೂ ಇಲ್ಲ ಏನೂ ಇಲ್ಲ, ಹಲ್ಲು ಕಾಣಬಾರದು ಅಂತ ಬಾಯಿ ಮುಚ್ಚಿಕೊಂಡಿದ್ದೆ ಅಷ್ಟೆ. ಮುಂದಿನ ಹಲ್ಲುಗಳ ಮೇಲೆ ಕಂದು ಗೀರುಗಳಿವೆ. ಎಷ್ಟು ಉಜ್ಜಿದರೂ ಹೋಗಲ್ಲ. ಅದು ನಮ್ಮೂರ ನೀರು ಹಾಕಿದ ಸಹಿ :-)

ನಮ್ಮದು ಗೌರಿಬಿದನೂರು ತಾಲ್ಲೂಕು, ತೊಂಡೇಬಾವಿ ಪಕ್ಕದ ಹಳ್ಳಿ. (2007ರವರೆಗೆ ಕೋಲಾರ ಜಿಲ್ಲೆ, ಆಮೇಲೆ ಚಿಕ್ಕಬಳ್ಳಾಪುರ.) ಬೆಂಗಳೂರಿಂದ ಹಿಂದೂಪುರದ ಕಡೆ ಹೋಗೋ ರೈಲು ಹತ್ತಿದರೆ ತೊಂಡೇಬಾವಿ ಸ್ಟೇಷನ್ ಸಿಗುತ್ತೆ. ಹೆಸರಲ್ಲೇ ಬಾವಿ ಇದೆ. ಆದರೆ ನಮ್ಮ ಹಳ್ಳಿಯಲ್ಲಿ ಬಾವಿ ನೀರು ಕುಡಿಯೋರು ಈಗ ಒಬ್ಬರೂ ಇಲ್ಲ. ಯಾಕೆ ಬಿಟ್ಟರು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಕಥೆ ಇದು.

ಬಾವಿ ನೀರು ಅಂದರೆ ಅಮೃತ ಅಂತ ನಾವು ಬ್ಲಾಗಿಗರು ಬರೀತಾನೇ ಇರ್ತೀವಿ. ನಮ್ಮಜ್ಜಿಯನ್ನ ಕೇಳಿದರೆ ಬೇರೆ ಮಾತು. ಮಳೆಗಾಲದಲ್ಲಿ ಕೊಟ್ಟಿಗೆ ಗಂಜಲವೆಲ್ಲ ಬಾವಿಗೆ ಹರಿದು ಬರ್ತಿತ್ತಂತೆ. ವಾಂತಿಭೇದಿ ಶುರುವಾದರೆ ಮನೆಗೊಬ್ಬರು ಮಲಗ್ತಿದ್ದರಂತೆ. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳಲ್ಲಂತೂ ನಾರುಹುಣ್ಣು. ಕಾಲಲ್ಲಿ ಹುಣ್ಣಿದ್ದವನು ನೀರಿಗಿಳಿದರೆ ಹುಳುವಿನ ಮರಿಗಳು ನೀರಿಗೆ, ಅಲ್ಲಿಂದ ಕಣ್ಣಿಗೆ ಕಾಣೋದೇ ಕಷ್ಟವಾದ ನೀರುಜೀವಿಯ ಹೊಟ್ಟೆಗೆ, ಆ ನೀರು ಕುಡಿದವನ ಮೈಗೆ. ವರ್ಷದೊಳಗೆ ಎರಡು ಮೊಳದ ಹುಳು ಚರ್ಮ ಸೀಳಿಕೊಂಡು ಹೊರಗೆ! ಮದ್ದೂ ಇಲ್ಲ, ಲಸಿಕೆಯೂ ಇಲ್ಲ. ನೀರನ್ನ ಬಟ್ಟೆಯಲ್ಲಿ ಸೋಸಿಸಿ, ಬಾವಿಗೆ ಇಳಿಯೋದು ತಪ್ಪಿಸಿ, ಕೈಪಂಪು ಹಾಕಿಸಿಯೇ ಅದನ್ನ ಓಡಿಸಿದ್ದು. ಭಾರತದ ಕೊನೆಯ ಪ್ರಕರಣ 1996ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಸರ್ಟಿಫಿಕೇಟು 2000ದಲ್ಲಿ. ಸಣ್ಣ ಗೆಲುವಲ್ಲ ಅದು.

ಬಂಡೆ ಕೊರೆಯೋ ಯಂತ್ರಗಳನ್ನ 1967ರ ಬರಗಾಲದಲ್ಲಿ ಯುನಿಸೆಫ್ ತಂದಿತು. 70ರ ದಶಕದ ಕೊನೆಗೆ 'ಇಂಡಿಯಾ ಮಾರ್ಕ್ 2' ಕೈಪಂಪು ಬಂತು. ನಮ್ಮ ಕಡೆ ಬೋರಿಂಗು ಅಂತಾರೆ. ಆಮೇಲೆ ಮೋಟಾರು, ಆಮೇಲೆ ಸಾವಿರ ಅಡಿ, ಅದಕ್ಕೂ ಕೆಳಗೆ...

ನಮ್ಮ ಕಾಲಡಿ ಇರೋದು ಗ್ರಾನೈಟು, ನೈಸ್ ಕಲ್ಲು. ಮೇಲಿನ ಬಾವಿಗೆ ಮಳೆ ನೀರು ವರ್ಷ ವರ್ಷ ಹೊಸದಾಗಿ ಬರುತ್ತೆ. ಆಳದ ಬಿರುಕಿನ ನೀರು ಹಾಗಲ್ಲ, ಕಲ್ಲಿನ ಜೊತೆ ಎಷ್ಟೋ ಕಾಲ ಕೂತಿರುತ್ತೆ, ಫ್ಲೋರೈಡು ಕರಗುತ್ತಾ ಹೋಗುತ್ತೆ. ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯೇ ಇಲ್ಲದಿದ್ದರೆ 1.5. ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದರೆ ಇನ್ನೂ ಸಾಂದ್ರ ಆಗುತ್ತೆ. ಅಮ್ಮ ಚಿಕ್ಕಂದಿನಲ್ಲಿ ನನಗೆ ಕಾಯಿಸಿ ಆರಿಸಿದ ನೀರನ್ನೇ ಕೊಡ್ತಿದ್ದಳು, ಪಾಪ.

ಇದೆಲ್ಲ ಗೊತ್ತಿರಲಿಲ್ಲ ಅನ್ನೋ ಹಾಗೂ ಇಲ್ಲ. ನಂದಿ ಕಡೆ ಹುಟ್ಟಿ ಗೌರಿಬಿದನೂರು ದಾಟಿ ಹೋಗೋ ನಮ್ಮ ಉತ್ತರ ಪಿನಾಕಿನಿ ಸಮುದ್ರ ಸೇರೋದು ನೆಲ್ಲೂರು ಜಿಲ್ಲೆಯಲ್ಲಿ. ಅದೇ ಜಿಲ್ಲೆಯ ಹಳ್ಳಿಗಳಲ್ಲಿ ಬೆನ್ನು ಬಗ್ಗಿ ಕೀಲು ಬಿಗಿದವರನ್ನ ನೋಡಿ, ಇದು ಕುಡಿಯೋ ನೀರಿನ ಫ್ಲೋರೈಡಿನಿಂದ ಅಂತ ಶಾರ್ಟ್ ಮತ್ತು ಸಂಗಡಿಗರು 1937ರಲ್ಲೇ ಬರೆದಿದ್ದರು. ಬೋರಿಂಗು ಬರೋಕೆ 30 ವರ್ಷ ಮೊದಲು! ಪಟಿಕ, ಸುಣ್ಣ ಹಾಕಿ ಫ್ಲೋರೈಡು ಇಳಿಸೋ 'ನಲ್ಗೊಂಡ ವಿಧಾನ'ವನ್ನ ನಾಗಪುರದ ನೀರಿ ಸಂಸ್ಥೆ 70ರ ದಶಕದಲ್ಲೇ ಕೊಟ್ಟಿತ್ತು. ಅಷ್ಟಿದ್ದೂ, ಕೊಳವೆಯಿಂದ ಬಂದದ್ದೆಲ್ಲ ಶುದ್ಧ ಅಂತ ನಂಬಿ ನಾವು ಕುಡಿದ್ವಿ.

ಈಗ ಊರಲ್ಲಿ ಶುದ್ಧ ನೀರಿನ ಘಟಕ ಇದೆ. ಹೋದ ಸಲ ಊರಿಗೆ ಹೋದಾಗ ಅಜ್ಜಿಯೂ ಜೊತೆಗೆ ಬಂತು. ನಾಣ್ಯ ಹಾಕಿ ಕ್ಯಾನು ಹಿಡಿದೆ. ಅಜ್ಜಿ ಹಿಂದಿನ ಪೈಪಿಂದ ಸುರಿಯೋ ನೀರನ್ನೇ ನೋಡ್ತಾ ನಿಂತಿತ್ತು.

"ಅದ್ಯಾಕಪ್ಪ ಸುಮ್ನೆ ಹೋಗ್ತದೆ?"

"ಸೋಸಿ ತೆಗೆದಿದ್ದೆಲ್ಲ ಅದರಲ್ಲೇ ಇರೋದಜ್ಜಿ. ಕುಡಿಯೋಕಾಗಲ್ಲ."

"ಹಂಗಾದ್ರೆ ಎಲ್ಲಿಗೋಗ್ತದೆ ಅದು?"

ಚರಂಡಿ ಹಿಡಿದು ಹೋಗಿ ನೋಡಿದೆ. ಹಳೇ ಬಾವಿ ಪಕ್ಕದ ಗುಂಡಿಗೆ ಹೋಗಿ ಇಂಗ್ತಾ ಇತ್ತು.