ಮಂಗನ ಕಾಯಿಲೆಯ ಶೋಧ ಮತ್ತು ಪ್ರಯೋಗಶಾಲೆಯ ಇಲಿ

ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಶೋಧಕರನ್ನೂ ಉಪಕರಣಗಳನ್ನೂ ಸ್ಮರಿಸುವರು. ಪ್ರಯೋಗಕ್ಕೆ ಒಳಗಾದ ಪ್ರಾಣಿಗಳ ಸಾಕಣೆಯನ್ನು ಕುರಿತು ಬರೆಯುವವರು ವಿರಳ. ಆದರೆ ಶೋಧದ ಪ್ರಾಮಾಣ್ಯವು ಬಹುಮಟ್ಟಿಗೆ ಆ ಸಾಕಣೆಯನ್ನೇ ಅವಲಂಬಿಸಿರುವುದೆಂಬುದಕ್ಕೆ ನಮ್ಮ ನಾಡಿನ ಮಂಗನ ಕಾಯಿಲೆಯ ಇತಿಹಾಸವು ಒಳ್ಳೆಯ ನಿದರ್ಶನ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದುವು. ಸುತ್ತಣ ಹಳ್ಳಿಗರು ತೀವ್ರಜ್ವರಕ್ಕೆ ತುತ್ತಾದರು. ಹಳದಿ ಜ್ವರವು ಭಾರತವನ್ನು ಪ್ರವೇಶಿಸಿತೋ ಎಂಬ ಆತಂಕವುಂಟಾಯಿತು. 1952ರಲ್ಲಿ ಸ್ಥಾಪಿತವಾಗಿದ್ದ ಪುಣೆಯ ವೈರಸ್ ಸಂಶೋಧನ ಕೇಂದ್ರದ ತಜ್ಞರು ರೋಗಿಗಳಿಂದಲೂ ಮಂಗಗಳಿಂದಲೂ ಪಡೆದ ಮಾದರಿಗಳನ್ನು ಹಾಲು ಕುಡಿಯುವ ಇಲಿಮರಿಗಳಿಗೆ ಚುಚ್ಚಿ ವೈರಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಲ್ಲ, ಉಣುಗುಗಳಿಂದ ಹರಡುವ ಹೊಸ ವೈರಸ್ ಎಂಬುದು ಸಿದ್ಧವಾಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಚುಚ್ಚಿದ ಮರಿ ಸತ್ತರೆ, ಕಾರಣವು ರೋಗಿಯ ರಕ್ತದಲ್ಲಿದ್ದ ವೈರಸೋ, ಇಲಿಗಳಲ್ಲಿ ಮೊದಲೇ ಅಡಗಿದ್ದ ಸೋಂಕೋ? ಈ ಸಂದೇಹ ಕಾಲ್ಪನಿಕವಲ್ಲ. ಹಳದಿ ಜ್ವರದ ಸಂಶೋಧನೆಗಾಗಿ 1951ರಲ್ಲಿ ನೊಬೆಲ್ ಬಹುಮಾನ ಪಡೆದ ಮ್ಯಾಕ್ಸ್ ಥೈಲರರೇ 1930ರ ದಶಕದಲ್ಲಿ, ಪ್ರಯೋಗಶಾಲೆಯ ಇಲಿಗಳಲ್ಲಿ ತಾನಾಗಿ ಕಾಣಿಸಿಕೊಂಡ ಪಾರ್ಶ್ವವಾಯುವಿಗೆ ಕಾರಣವಾದ ವೈರಸನ್ನು ಗುರುತಿಸಿದ್ದರು. ಆದುದರಿಂದ ಇಲಿಗಳ ವಂಶ, ವಯಸ್ಸು, ಆಹಾರಗಳು ತಿಳಿದಿರಬೇಕು. ಹೊಸದಾಗಿ ಬಂದವನ್ನು ಪ್ರತ್ಯೇಕವಾಗಿರಿಸಬೇಕು. ಅದೇ ಗುಂಪಿನ ಕೆಲವು ಮರಿಗಳನ್ನು ವೈರಸ್ ಚುಚ್ಚದೆ ಹೋಲಿಕೆಗಾಗಿ ಉಳಿಸಬೇಕು. ಕೊಳಕು ಗೂಡಿನಲ್ಲಿ ಬೆಳೆದ ಪ್ರಾಣಿಯು ಸಂಶೋಧಕನಿಗೆ ಸುಳ್ಳುಸಾಕ್ಷಿಯನ್ನು ನುಡಿಯಬಹುದು.

ಇದೇ ಕಾಲದಲ್ಲಿ ಕರುಣೆಯ ಪ್ರಶ್ನೆಯೂ ಮುಂದೆ ಬಂದಿತು. 1953ರಲ್ಲಿ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಮಸೂದೆಯೊಂದನ್ನು ಮಂಡಿಸಿದರು. 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿದ್ವಾಂಸರು, ಪ್ರಾಣಿಗಳಿಗೆ ಬದಲಿ ವಿಧಾನ, ಅವುಗಳ ಸಂಖ್ಯೆಯ ಇಳಿಕೆ, ನೋವಿನ ಶಮನ ಎಂಬ ಮೂರು ಸೂತ್ರಗಳನ್ನು ಪ್ರತಿಪಾದಿಸಿದರು. 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮವು ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯೊಂದರ ರಚನೆಗೆ ಅವಕಾಶ ನೀಡಿತಲ್ಲದೆ, ಪ್ರಯೋಗಕ್ಕೆ ಮುಂಚೆಯೂ ಅನಂತರವೂ ಪ್ರಾಣಿಗಳನ್ನು ಸರಿಯಾಗಿ ನೋಡಿಕೊಳ್ಳುವ ಹೊಣೆಯನ್ನು ಸೇರಿಸಿತು. 1998ರ ನಿಯಮಗಳಿಂದ ಪ್ರಾಣಿಗಳನ್ನು ಸಾಕಿ ಮಾರುವವರಿಗೂ ನೋಂದಣಿ ಕಡ್ಡಾಯವಾಯಿತು.

1982-83ರಲ್ಲಿ ಮಂಗನ ಕಾಯಿಲೆಯು ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿಗೂ ವ್ಯಾಪಿಸಿತು. ಅದರ ವಿರುದ್ಧ ತಯಾರಾದ ಲಸಿಕೆಯ ಶಕ್ತಿಯನ್ನು ಅಳೆದದ್ದೂ ಇಲಿಗಳಲ್ಲಿಯೇ. ಕಾಡಿಗೆ ಸೌದೆಗೆ ಹೋಗುವ ಬಡವನ ಪ್ರಾಣವು ಎಲ್ಲಿಯೋ ಇರುವ ಇಲಿಗೂಡಿನ ಶುಚಿತ್ವವನ್ನು ಹೀಗೆ ನೆಮ್ಮಿಕೊಂಡಿತ್ತು. ಪ್ರಾಣಿಗಳ ಪಾಲನೆಯನ್ನು ಸೇವಕರ ಕೆಲಸವೆಂದು ಉಪೇಕ್ಷಿಸದೆ, ಸಂಶೋಧನೆಯ ಮೊದಲ ಅಂಗವೆಂದೇ ವಿದ್ಯಾರ್ಥಿಗಳು ಅಭ್ಯಸಿಸುವುದು ಯುಕ್ತ.